ರಾಗಿಯ ತೂಕವೂ ಅಳತೆಯೂ: ಅಡಿಗೆಯಲ್ಲಿ ಇವೆರಡನ್ನು ಹೊಂದಿಸುವ ಕ್ರಮ

ಧಾನ್ಯವನ್ನು ಪಾತ್ರೆಯಿಂದ ಅಳೆದು ಕೊಡುವ ರೂಢಿಯು ನಮ್ಮ ಗ್ರಾಮಗಳಲ್ಲಿ ಬಹು ಹಿಂದಿನದು. ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬ ಲೆಕ್ಕವೆಲ್ಲವೂ ಪಾತ್ರೆಯ ಲೆಕ್ಕವೇ. ಸೇರೆಂಬ ಹೆಸರು ತೂಕಕ್ಕೂ ಸಲ್ಲುತ್ತಿತ್ತು. ಮೈಸೂರು ಸೀಮೆಯ ಕಚ್ಚಾ ಸೇರೆಂದರೆ ೨೪ ತೊಲ, ಅಂದರೆ ಸುಮಾರು ೨೮೦ ಗ್ರಾಂ ತೂಕ. ೧೯೫೬ರ ತೂಕ ಮತ್ತು ಅಳತೆಗಳ ಕಾಯಿದೆಯ ತರುವಾಯ ವ್ಯಾಪಾರದಲ್ಲಿ ಕಿಲೋಗ್ರಾಂ ನೆಲೆಗೊಂಡಿತಾದರೂ ಅಡಿಗೆಯ ಮನೆಯಿಂದ ಸೇರು ಪಾವುಗಳು ಹೊರಬೀಳಲಿಲ್ಲ. ಹೀಗಾಗಿ ರಾಗಿಯು ಮನೆಗೆ ತೂಕದಲ್ಲಿ ಬಂದು ಒಲೆಗೆ ಅಳತೆಯಲ್ಲಿ ಹೋಗುತ್ತದೆ.

ತೂಕವೂ ಅಳತೆಯೂ ಒಂದೇ ಆಗಿರುವುದು ನೀರಿಗೆ ಮಾತ್ರ. ಒಂದು ಲೀಟರು ನೀರು ಒಂದು ಕಿಲೋಗ್ರಾಂ ತೂಗುತ್ತದೆ. ಅದೇ ಪಾತ್ರೆಯಲ್ಲಿ ಅಕ್ಕಿಯನ್ನು ತುಂಬಿದರೆ ಸುಮಾರು ೮೦೦ ಗ್ರಾಂ, ರಾಗಿಯಾದರೆ ೭೫೦ರಿಂದ ೮೦೦ ಗ್ರಾಂ ಹಿಡಿಯುತ್ತದೆ. ಹೊಟ್ಟಿನೊಡನಿರುವ ಭತ್ತವು ೬೦೦ ಗ್ರಾಂ ಮುಟ್ಟುವುದೂ ಕಷ್ಟ. ಜರಡಿಯಾಡಿಸಿ ಸಡಿಲವಾಗಿ ತುಂಬಿದ ರಾಗಿಹಿಟ್ಟು ೬೦೦ ಗ್ರಾಮಿನ ಆಸುಪಾಸಿನಲ್ಲಿರುತ್ತದೆ; ಆ ಪಾತ್ರೆಯನ್ನು ನಾಲ್ಕು ಬಾರಿ ನೆಲಕ್ಕೆ ಕುಟ್ಟಿದರೆ ಹಿಟ್ಟು ಕುಗ್ಗಿ ಇನ್ನೂ ಒಂದು ಹಿಡಿ ಹಿಡಿಸುತ್ತದೆ. ಒಂದು ಸೇರು ರಾಗಿಯನ್ನು ಬೀಸಿಸಿದಾಗ ಸೇರೂಕಾಲಿನಷ್ಟು ಹಿಟ್ಟು ದೊರೆಯುವುದೂ ಈ ಕಾರಣದಿಂದಲೇ. ಹಿಟ್ಟು ಹೆಚ್ಚಿತೆಂದು ಹಿಗ್ಗುವವರು ಅದನ್ನೊಮ್ಮೆ ತಕ್ಕಡಿಗೆ ಹಾಕಿ ನೋಡಬೇಕು. ಗಿರಣಿಯಲ್ಲಿ ಆದ ನಷ್ಟವು ಸೇರಿನಿಂದ ತಿಳಿಯದು, ತೂಕದಿಂದಲೇ ತಿಳಿಯುವುದು.

ಈ ವ್ಯತ್ಯಾಸದ ಕೇಡು ನಾಲ್ಕು ಮಂದಿಯ ಅಡಿಗೆಯಲ್ಲಿ ಕಾಣಿಸದು. ಅಲ್ಲಿ ಕೈಯ ಅಂದಾಜೇ ಸಾಕು. ಜಾತ್ರೆಯಲ್ಲೋ ಕೊಯ್ಲಿನ ಆಳುಗಳಿಗೋ ಮುದ್ದೆ ಬೇಯಿಸುವಾಗ ಅದು ಪ್ರಕಟವಾಗುತ್ತದೆ. ಒಂದು ಪಾಲು ಹಿಟ್ಟಿಗೆ ಎರಡು ಪಾಲು ನೀರೆಂಬುದು ಅನೇಕ ಮನೆಗಳ ವಾಡಿಕೆ. ಇದು ಅಳತೆಯ ಮಾತೇ ಹೊರತು ತೂಕದ ಮಾತಲ್ಲ. ೧೨ ಕಿಲೋಗ್ರಾಂ ಹಿಟ್ಟನ್ನು ತೂಗಿ ತಂದು, ಎರಡರಷ್ಟೆಂದು ೨೪ ಲೀಟರು ನೀರಿಟ್ಟರೆ ಅಡಿಗೆ ಕೆಟ್ಟಿತೆಂದೇ ತಿಳಿಯಬೇಕು. ಆ ಹಿಟ್ಟು ಅಳತೆಯಲ್ಲಿ ಸುಮಾರು ೨೦ ಲೀಟರಾಗುವುದರಿಂದ ಅದಕ್ಕೆ ೪೦ ಲೀಟರು ನೀರು ಬೇಕು. ಹದಿನಾರು ಲೀಟರು ಕಡಿಮೆಯಾದ ಎಸರಿನಲ್ಲಿ ಹಿಟ್ಟು ಗಂಟುಕಟ್ಟಿ ನಡುವೆ ಬೇಯದೆ ಉಳಿಯುತ್ತದೆ. ಆಮೇಲೆ ತಣ್ಣೀರು ಸುರಿದು ಎಷ್ಟು ತೊಳಸಿದರೂ ಅದು ಸರಿಹೋಗದು. ಉಣ್ಣಬಂದವರು ಕಾಯುತ್ತಿರುವಾಗ ಇದು ಸಣ್ಣ ಸಂಗತಿಯಲ್ಲ.

ಊರಿನಿಂದ ಊರಿಗೆ ಸೇರು ಬೇರೆಯಾಗಿರುವುದರಿಂದ ಪ್ರತಿಯೊಂದು ಮನೆಯವರೂ ತಮ್ಮ ಸೇರನ್ನು ತಾವೇ ಪರೀಕ್ಷಿಸಿಕೊಳ್ಳುವುದು ಉತ್ತಮ. ಬರಿಯ ಸೇರನ್ನು ಮೊದಲು ತೂಗಿ, ಅಂಚಿನವರೆಗೆ ನೀರು ತುಂಬಿ ಮತ್ತೆ ತೂಗತಕ್ಕದ್ದು. ಹೆಚ್ಚಿದ ತೂಕ ಎಷ್ಟು ಗ್ರಾಮೋ ಅಷ್ಟು ಮಿಲಿಲೀಟರು ಆ ಸೇರಿನ ಹಿಡಿತ. ಬಳಿಕ ಸೇರನ್ನು ಚೆನ್ನಾಗಿ ಒಣಗಿಸಿ, ಜರಡಿಯಾಡಿಸಿದ ಹಿಟ್ಟನ್ನು ಕುಟ್ಟದೆ ಒತ್ತದೆ ತುಂಬಿ, ಅಂಚಿನ ಮೇಲೆ ಕೋಲೆಳೆದು ಸಮಮಾಡಿ ತೂಗಬೇಕು. ರಾಶಿಯೇರಿಸಿ ತುಂಬಿದ ಸೇರು ಈ ಕೆಲಸಕ್ಕೆ ಬಾರದು. ಅಳೆಯುವವನ ಕೈ ಬದಲಾದಂತೆ ಅದರ ಮೇಲಣ ರಾಶಿಯೂ ಬದಲಾಗುತ್ತದೆ. ಮೂರು ಬಾರಿ ತೂಗಿ ಸರಾಸರಿಯನ್ನು ಹಿಡಿದರೆ ಸಾಕು. ತಂದ ಹಿಟ್ಟಿನ ತೂಕವನ್ನು ಒಂದು ಸೇರು ಹಿಟ್ಟಿನ ತೂಕದಿಂದ ಭಾಗಿಸಿದರೆ ಎಷ್ಟು ಸೇರೆಂಬುದು ಸಿಕ್ಕುತ್ತದೆ. ನೀರನ್ನು ಅದರ ಎರಡರಷ್ಟು ಅದೇ ಸೇರಿನಿಂದಲೇ ಅಳೆದು ಹಾಕಬಹುದು.

ಹೀಗೆ ದೊರೆತ ಅಂಕೆಯನ್ನು ಉಗ್ರಾಣದ ಗೋಡೆಯ ಮೇಲೆ ಬರೆಯಿಸಿಡುವುದು ಅನುಕೂಲ. ಕಾಳಿನ ಅಂಕೆಯನ್ನು ಹಿಟ್ಟಿಗೆ ಹಚ್ಚಬಾರದು. ಈಚೆಗೆ ಪಟ್ಟಣದ ಅಂಗಡಿಗಳಿಂದ ಗಂಜಿಗೆಂದು ತರುವ ಓಟ್ಸ್ ಎಂಬ ಧಾನ್ಯದ ಅವಲಕ್ಕಿಯು ರಾಗಿಹಿಟ್ಟಿಗಿಂತಲೂ ಹಗುರ. ಲೀಟರಿಗೆ ಸುಮಾರು ೩೫೦ರಿಂದ ೪೦೦ ಗ್ರಾಂ ಮಾತ್ರ ತೂಗುತ್ತದೆ. ಅದಕ್ಕೆ ಗೋಡೆಯ ಮೇಲೆ ಬೇರೆಯೇ ಒಂದು ಸಾಲು ಬೇಕು.