ವಿಕ್ಟೋರಿಯಾ ನಗರ: ಒಂದು ಭೂಗೋಳದ ಪಾಠ

ಕೆನಡಾ ಎಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣ ಮುಂದೆ ಬಂದು ನಿಲ್ಲುವುದು ಹಿಮ ಮುಸುಕಿದ ಬಯಲು, ಹೆಪ್ಪುಗಟ್ಟಿದ ಸರೋವರ, ತುಪ್ಪುಳಿನ ಅಂಗಿ ತೊಟ್ಟ ಜನ. ಇದು ತಪ್ಪಲ್ಲ, ಆದರೆ ಪೂರ್ಣವೂ ಅಲ್ಲ. ಆ ದೇಶದ ಪಶ್ಚಿಮದ ಅಂಚಿನಲ್ಲಿ, ಶಾಂತಸಾಗರದ ಬದಿಯಲ್ಲಿ, ಫೆಬ್ರವರಿಯಲ್ಲಿಯೇ ಜನ ತಮ್ಮ ಅಂಗಳದ ಹೂಗಳನ್ನು ಎಣಿಸತೊಡಗುವ ಒಂದು ನಗರವುಂಟು. ಎಣಿಸಿದ ಲೆಕ್ಕವನ್ನು ಒಟ್ಟುಗೂಡಿಸಿ, ಇನ್ನೂ ಹಿಮವನ್ನು ಗೋರುತ್ತಿರುವ ಪೂರ್ವದ ಊರುಗಳವರಿಗೆ ಕೇಳಿಸುವಂತೆ ಸಾರುವುದು ಅಲ್ಲಿಯವರ ವಾಡಿಕೆಯ ವಿನೋದ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ರಾಜಧಾನಿಯಾದ ವಿಕ್ಟೋರಿಯಾ ಎಂಬುದೇ ಆ ನಗರ. ಭೂಗೋಳದ ಪಾಠ ಹೇಳುವ ನಾನು ಈ ಊರನ್ನು ಅನೇಕ ವರ್ಷ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದ್ದೆ. ಕಳೆದ ಬೇಸಿಗೆಯಲ್ಲಿ ಹತ್ತು ದಿನ ಅಲ್ಲಿರುವ ಅವಕಾಶ ಒದಗಿತು. ಹೋಗಿ ಬಂದ ಮೇಲೆ ನನ್ನ ಪಾಠದಲ್ಲಿ ಏನು ಕೊರತೆಯಿತ್ತೆಂಬುದು ತಿಳಿಯಿತು. ಅದನ್ನು ಒಪ್ಪಿಕೊಳ್ಳುವುದಕ್ಕಾಗಿಯೇ ಈ ಲೇಖನ.

ಮೊದಲು ಹವೆಯ ವಿಚಾರ. ವಿಕ್ಟೋರಿಯಾ ಇರುವುದು ವ್ಯಾಂಕೂವರ್ ದ್ವೀಪದ ದಕ್ಷಿಣದ ತುದಿಯಲ್ಲಿ. ವ್ಯಾಂಕೂವರ್ ಎಂಬ ಹೆಸರಿನ ನಗರವಾದರೋ ದ್ವೀಪದಲ್ಲಿಲ್ಲ, ಆಚೆಯ ಭೂಖಂಡದಲ್ಲಿದೆ. ಪರೀಕ್ಷೆಯಲ್ಲಿ ಇವೆರಡನ್ನೂ ಒಂದು ಮಾಡುವವರು ಇದನ್ನು ನೆನಪಿಡಬೇಕು. ಊರಿನ ಅಕ್ಷಾಂಶ ಸುಮಾರು ೪೮ ಡಿಗ್ರಿ ಉತ್ತರ. ಅಷ್ಟು ಉತ್ತರಕ್ಕಿದ್ದರೂ ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಮೇಲೆಯೇ ನಿಲ್ಲುತ್ತದೆ. ಜುಲೈಯ ಮಧ್ಯಾಹ್ನವೂ ಸಾಮಾನ್ಯವಾಗಿ ೨೦ ಡಿಗ್ರಿಯ ಆಸುಪಾಸಿನಲ್ಲಿಯೇ ಇರುತ್ತದೆ. ಸಾಗರದ ನೀರು ನೆಲದಷ್ಟು ಬೇಗ ಕಾಯುವುದೂ ಇಲ್ಲ, ಆರುವುದೂ ಇಲ್ಲ. ಅದರ ಮೇಲಿಂದ ಬೀಸುವ ಪಡುವಣ ಗಾಳಿ ಚಳಿಯನ್ನೂ ಸೆಕೆಯನ್ನೂ ಹದಗೊಳಿಸುತ್ತದೆ. ಮಳೆಯ ಕಥೆ ಇನ್ನೂ ಸ್ವಾರಸ್ಯವಾದದ್ದು. ಅದೇ ದ್ವೀಪದ ಪಶ್ಚಿಮ ಕರಾವಳಿಯ ಟೊಫಿನೋದಲ್ಲಿ ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ವಿಕ್ಟೋರಿಯಾದಲ್ಲಿ ಬೀಳುವುದು ಸುಮಾರು ೬೦೦. ದ್ವೀಪದ ಬೆಟ್ಟಗಳೂ ಜಲಸಂಧಿಯ ಆಚೆಗಿರುವ ಅಮೆರಿಕದ ಒಲಿಂಪಿಕ್ ಪರ್ವತಗಳೂ ಮೋಡಗಳನ್ನು ಮೊದಲೇ ಬರಿದು ಮಾಡಿಬಿಡುತ್ತವೆ. ನಮ್ಮ ಆಗುಂಬೆಗೂ ಚಿತ್ರದುರ್ಗಕ್ಕೂ ಇರುವ ಅಂತರಕ್ಕೆ ಕಾರಣವಾದ ಮಳೆನೆರಳೇ ಅಲ್ಲಿಯದೂ. ಒಂದು ವ್ಯತ್ಯಾಸ: ಅಲ್ಲಿ ಮಳೆಗಾಲವೆಂದರೆ ಚಳಿಗಾಲ. ಬೇಸಿಗೆ ಬಹುಮಟ್ಟಿಗೆ ಒಣಗಾಲ.

ಹವೆ ಹೀಗಿರುವುದರಿಂದ ಊರು ಹೂವಿನ ಊರಾಯಿತು. ತರಗತಿಯಲ್ಲಿ ನಾನು ಹೇಳುತ್ತಿದ್ದದ್ದು ಇಷ್ಟೆ.

ಊರಿನ ನಡುವೆ ಒಳಬಂದರು. ಅದರ ದಡದಲ್ಲಿ ೧೮೯೮ರಲ್ಲಿ ತೆರೆದ ಶಾಸನಸಭೆಯ ಕಟ್ಟಡ ಮತ್ತು ೧೯೦೮ರಲ್ಲಿ ತೆರೆದ ಎಂಪ್ರೆಸ್ ಹೋಟೆಲು. ಎರಡನ್ನೂ ರೂಪಿಸಿದವನು ಫ್ರಾನ್ಸಿಸ್ ರಾಟನ್‌ಬರಿ. ಅಲ್ಲಿಂದ ಹೊರಡುವ ಗವರ್ನ್‌ಮೆಂಟ್ ಬೀದಿಯೇ ಪೇಟೆ. ಉಣ್ಣೆಯ ಉಡುಪು, ಚಾಕೊಲೇಟು, ಚಹಾ, ಎಲ್ಲದಕ್ಕೂ ಅಂಗಡಿಯುಂಟು. ನನ್ನ ಕಾಸು ಹೆಚ್ಚಾಗಿ ಕರಗಿದ್ದು ಮನ್ರೋ ಪುಸ್ತಕದಂಗಡಿಯಲ್ಲಿ. ೨೦೧೩ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಕಥೆಗಾರ್ತಿ ಆಲಿಸ್ ಮನ್ರೋ ತಮ್ಮ ಅಂದಿನ ಪತಿ ಜಿಮ್ ಅವರೊಡನೆ ೧೯೬೩ರಲ್ಲಿ ತೆರೆದ ಅಂಗಡಿ ಅದು. ಈಗಿರುವುದು ಹಿಂದೆ ಬ್ಯಾಂಕಾಗಿದ್ದ ಎತ್ತರದ ಚಾವಣಿಯ ಕಟ್ಟಡದಲ್ಲಿ. ಸ್ವಲ್ಪ ಮುಂದೆ ಹೋದರೆ ಕೆನಡಾದಲ್ಲಿಯೇ ಹಳೆಯದೆನಿಸಿದ ಚೀಣೀಯರ ಕೇರಿ. ಅಲ್ಲಿಯ ಫ್ಯಾನ್ ಟ್ಯಾನ್ ಓಣಿಯ ಅತಿ ಇಕ್ಕಟ್ಟಾದ ಕಡೆ ಇಬ್ಬರು ಎದುರಾದರೆ ಒಬ್ಬರು ಓರೆಯಾಗಲೇಬೇಕು.

ಬಯಲಿನ ವಿಹಾರಕ್ಕೂ ಕೊರತೆಯಿಲ್ಲ. ಹಳೆಯ ರೈಲುಹಾದಿಯ ಹಳಿ ಕಿತ್ತು ಸುಮಾರು ೫೫ ಕಿಲೋಮೀಟರು ಉದ್ದದ ಸೈಕಲ್ ದಾರಿ ಮಾಡಿದ್ದಾರೆ. ಡಲ್ಲಾಸ್ ರಸ್ತೆಯ ಕಡಲಂಚಿನಲ್ಲಿ ಮುದುಕರು ನಡೆಯುತ್ತಾರೆ, ಮಕ್ಕಳು ಗಾಳಿಪಟ ಹಾರಿಸುತ್ತಾರೆ. ಪಕ್ಕದ ಬೀಕನ್ ಹಿಲ್ ಉದ್ಯಾನದಲ್ಲಿ ಕ್ರಿಕೆಟ್ ನಡೆಯುತ್ತಿತ್ತು; ನಮ್ಮ ದೇಶದ ನವಿಲೊಂದು ಯಾರ ಹಂಗೂ ಇಲ್ಲದೆ ಹುಲ್ಲಿನ ಮೇಲೆ ಓಡಾಡುತ್ತಿತ್ತು. ೧೯೨೯ರ ಏಪ್ರಿಲ್‌ನಲ್ಲಿ ರವೀಂದ್ರನಾಥ ಠಾಕೂರರು ಕೆನಡಾಕ್ಕೆ ಬಂದು, ಈ ಊರಿನಲ್ಲಿಯೂ ವ್ಯಾಂಕೂವರಿನಲ್ಲಿಯೂ ನಡೆದ ಶಿಕ್ಷಣ ಸಮ್ಮೇಳನದಲ್ಲಿ ವಿರಾಮದ ತತ್ತ್ವವನ್ನು ಕುರಿತು ಮಾತನಾಡಿದ್ದರು. ವಿಷಯಕ್ಕೆ ತಕ್ಕ ಸ್ಥಳವೆಂದು ಬೆಂಚಿನ ಮೇಲೆ ಕುಳಿತು ನಾನೂ ಮೆಚ್ಚಿಕೊಂಡೆ.

ಮರುದಿನ ನೋಡಲು ಹೋದದ್ದು ಊರಿನಿಂದ ಉತ್ತರಕ್ಕೆ ಸುಮಾರು ೨೦ ಕಿಲೋಮೀಟರು ದೂರದ ಬುಚಾರ್ಟ್ ಉದ್ಯಾನ. ರಾಬರ್ಟ್ ಬುಚಾರ್ಟ್ ಎಂಬ ಸಿಮೆಂಟಿನ ಉದ್ಯಮಿ ೧೯೦೪ರ ಸುಮಾರಿಗೆ ಇಲ್ಲಿಯ ಟಾಡ್ ಇನ್ಲೆಟ್ ಎಂಬ ಕಿರುಖಾರಿಯ ಬಳಿ ಸುಣ್ಣಕಲ್ಲನ್ನು ತೋಡಿಸತೊಡಗಿದ. ಕೆಲವೇ ವರ್ಷಗಳಲ್ಲಿ ಕಲ್ಲು ತೀರಿತು; ಮನೆಯ ಹಿಂದೆ ದೊಡ್ಡ ಹಳ್ಳವೊಂದು ಉಳಿಯಿತು. ಆತನ ಪತ್ನಿ ಜೆನ್ನಿ ಸುತ್ತಣ ಹೊಲಗಳಿಂದ ಕುದುರೆಗಾಡಿಗಳಲ್ಲಿ ಮಣ್ಣು ತರಿಸಿ ಅದರ ತಳಕ್ಕೆ ಹರಡಿಸಿದರು. ೧೯೨೧ರ ವೇಳೆಗೆ ಆ ಹಳ್ಳ ‘ತಗ್ಗಿನ ತೋಟ’ವಾಯಿತು. ಈಗ ೫೫ ಎಕರೆಯ ಈ ಉದ್ಯಾನ ೨೦೦೪ರಿಂದ ಕೆನಡಾದ ರಾಷ್ಟ್ರೀಯ ಐತಿಹಾಸಿಕ ತಾಣ. ಮೇಲಿನಿಂದ ಬಗ್ಗಿ ನೋಡಿದರೆ ಬಣ್ಣದ ಕಂಬಳಿ ಹಾಸಿದಂತಿದೆ. ಮರಗಳಾಚೆ ಹಳೆಯ ಹೊಗೆಕೊಳವೆಯೊಂದು ತಲೆಯೆತ್ತಿ ನಿಂತಿತ್ತು. ಅಂದಚೆಂದಕ್ಕೆ ಉಳಿಸಿಕೊಂಡಿರಬೇಕೆಂದು ಅದನ್ನು ಲೆಕ್ಕಕ್ಕೆ ತಂದುಕೊಳ್ಳಲಿಲ್ಲ.

ಆ ಭಾನುವಾರ ಟೋಪಾಜ್ ರಸ್ತೆಯ ಗುರುದ್ವಾರಕ್ಕೆ ಹೋಗಿದ್ದೆ. ಅಲ್ಲಿ ಸಿಖ್ಖರು ಗುರುದ್ವಾರವನ್ನು ಕಟ್ಟಿದ್ದು ೧೯೧೨ರಲ್ಲಿ. ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತಿದ್ದ ವೃದ್ಧರೊಬ್ಬರೊಡನೆ ಹಿಂದಿಯಲ್ಲಿ ಮಾತಿಗೆ ತೊಡಗಿ, ಉದ್ಯಾನವನ್ನು ಬಾಯ್ತುಂಬ ಹೊಗಳಿದೆ. ಅವರು ಎಲ್ಲವನ್ನೂ ಕೇಳಿ, “ಹೂವೆಲ್ಲ ನೋಡಿದಿರಿ, ಸರಿ. ಹೊಗೆಕೊಳವೆ ನೋಡಿದಿರಾ, ಮಾಸ್ತರ್‌ಜಿ? ಅದರ ಬುಡದಲ್ಲಿ ದುಡಿದವರು ನಮ್ಮವರು” ಎಂದರು. ನಾನು ಕೈಯಲ್ಲಿದ್ದ ರೊಟ್ಟಿಯನ್ನು ಹಾಗೆಯೇ ಹಿಡಿದು ಕುಳಿತೆ.

ಮಾರನೆಯ ದಿನ ಉದ್ಯಾನದ ಬಾಗಿಲಿಗೆ ಹೋಗದೆ, ಹಿಂದಣ ಕಾಡಿನ ದಾರಿಯಿಂದ ಟಾಡ್ ಇನ್ಲೆಟ್ಟಿಗೆ ಇಳಿದೆ. ಈಗ ಅದು ಪ್ರಾಂತೀಯ ಉದ್ಯಾನದ ಒಂದು ಭಾಗ. ಮರಗಳ ನಡುವೆ ಕಾರ್ಖಾನೆಯ ಪಾಯಗಳು ಪಾಚಿ ಹಿಡಿದು ನಿಂತಿವೆ. ಇಲ್ಲಿ ಕಲ್ಲು ಒಡೆದು, ಸಿಮೆಂಟಿನ ಧೂಳು ಕುಡಿದು ದುಡಿದವರಲ್ಲಿ ಬಹುಮಂದಿ ಚೀಣೀಯರು ಮತ್ತು ೧೯೦೬ರ ಸುಮಾರಿಗೆ ಬಂದ ಸಿಖ್ಖರು. ಅವರ ಬಿಡಾರಗಳೂ ಬೇರೆಬೇರೆ. ಅಂದಿನ ಕಾನೂನನ್ನೂ ನೆನೆಯಬೇಕು. ಬಂದಿಳಿಯುವ ಪ್ರತಿಯೊಬ್ಬ ಚೀಣೀಯ ಕೂಲಿಯ ಮೇಲಿನ ತಲೆಗಂದಾಯ ೧೯೦೩ರಲ್ಲಿ ೫೦೦ ಡಾಲರಿಗೆ ಏರಿತ್ತು. ಭಾರತೀಯರ ಮತದ ಹಕ್ಕನ್ನು ಈ ಪ್ರಾಂತ್ಯ ೧೯೦೭ರಲ್ಲಿ ಕಿತ್ತುಕೊಂಡಿತು. ಅದು ಮರಳಿದ್ದು ೧೯೪೭ರಲ್ಲಿ. ೧೯೦೮ರಲ್ಲಿ ಬಂದ, ಸ್ವದೇಶದಿಂದ ಎಲ್ಲಿಯೂ ಇಳಿಯದೆ ನೇರವಾಗಿ ಪ್ರಯಾಣ ಮಾಡಿದವರಿಗೆ ಮಾತ್ರ ಪ್ರವೇಶವೆಂಬ ನಿಯಮ ನಮ್ಮವರಿಗೆ ಬಾಗಿಲನ್ನೇ ಮುಚ್ಚಿತು. ಹಳ್ಳ ತೋಡಿದವರ ಕೈ ಇಲ್ಲದಿದ್ದರೆ ತಗ್ಗಿನ ತೋಟಕ್ಕೆ ತಗ್ಗೇ ಇರುತ್ತಿರಲಿಲ್ಲ.

ಇಷ್ಟು ತಿಳಿದ ಮೇಲೆ ಬೀಕನ್ ಹಿಲ್ಲಿಗೆ ಮತ್ತೊಮ್ಮೆ ಹೋದೆ. ೧೮೪೨ರಲ್ಲಿ ಕೋಟೆಗೆ ಜಾಗ ಹುಡುಕುತ್ತ ಬಂದ ಹಡ್ಸನ್ಸ್ ಬೇ ಕಂಪನಿಯ ಜೇಮ್ಸ್ ಡಗ್ಲಸ್ ಇಲ್ಲಿಯ ತೆರೆದ ಬಯಲುಗಳನ್ನು ಕಂಡು ಪ್ರಕೃತಿಯ ಕೊಡುಗೆಯೆಂದೇ ಬಗೆದ. ಮರುವರ್ಷ ಕೋಟೆ ಎದ್ದಿತು. ಆದರೆ ಆ ಬಯಲುಗಳು ತಾವಾಗಿ ಉಳಿದವಲ್ಲ. ಮೂಲನಿವಾಸಿಗಳಾದ ಲೆಕ್ವಂಗೆನ್ ಜನ ಪೊದೆಗಳಿಗೆ ಬೆಂಕಿಯಿಟ್ಟು ನೆಲವನ್ನು ತೆರೆದಿಟ್ಟು, ನೀಲಿ ಹೂವಿನ ಕ್ಯಾಮಸ್ ಗೆಡ್ಡೆಯನ್ನು ತಲೆಮಾರುಗಳಿಂದ ಬೆಳೆದುಕೊಂಡು ಬಂದಿದ್ದರು. ಉದ್ಯಾನನಗರಿಯ ಮೊದಲ ತೋಟಗಾರರು ಅವರೇ. ಒಳಬಂದರಿನ ದಡದಲ್ಲಿದ್ದ ಅವರ ವಸತಿಯನ್ನು ೧೯೧೧ರಲ್ಲಿ ಅಲ್ಲಿಂದ ಬೇರೆಡೆಗೆ ಸಾಗಿಸಲಾಯಿತು.

ಹೊರಡುವ ಹಿಂದಿನ ರಾತ್ರಿ ನಿದ್ದೆ ಬಾರದೆ ಬೀದಿಗಿಳಿದೆ. ವಿಕ್ಟೋರಿಯಾದ ದೀಪದ ಕಂಬಗಳಿಗೆ ಹೂಬುಟ್ಟಿ ತೂಗುಹಾಕುವುದು ನಗರಕ್ಕೆ ಎಪ್ಪತ್ತೈದು ತುಂಬಿದ ೧೯೩೭ರಿಂದ ನಡೆದುಬಂದ ಪದ್ಧತಿ. ಅಂಗಡಿಗಳೆಲ್ಲ ಮುಚ್ಚಿದ್ದುವು. ನಗರಸಭೆಯ ಕೆಲಸಗಾರನೊಬ್ಬ ಉದ್ದನೆಯ ಕೊಳವೆ ಹಿಡಿದು ಬುಟ್ಟಿ ಬುಟ್ಟಿಗೂ ನೀರುಣಿಸುತ್ತ ಹೋಗುತ್ತಿದ್ದ. ಬೇಸಿಗೆ ಒಣಗಾಲವೆಂದು ನಾನೇ ಪಾಠ ಹೇಳಿದವನು. ಹಾಗಾದರೆ ಈ ಹೂವಿಗೆ ನೀರೆಲ್ಲಿಂದ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ!

ಈ ವರ್ಷ ತರಗತಿಯಲ್ಲಿ ವಿಕ್ಟೋರಿಯಾದ ಪಾಠ ಬಂದಾಗ ಗಾಳಿ, ಸಾಗರ, ಮಳೆನೆರಳು ಎಲ್ಲವನ್ನೂ ಹಿಂದಿನಂತೆಯೇ ಹೇಳಿದೆ. ಅವು ಸುಳ್ಳಲ್ಲ. ಆದರೆ ಕರಿಹಲಗೆಯ ಮೇಲೆ ‘ಕಾರಣಗಳು’ ಎಂದು ಬರೆದು ಪಟ್ಟಿ ಮಾಡುವಾಗ, ಕೊನೆಯಲ್ಲಿ ಇನ್ನೊಂದು ಅಂಕೆ ಹಾಕಿ ‘ಜನರ ಕೈ’ ಎಂದು ಸೇರಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ, “ಇದು ಪುಸ್ತಕದಲ್ಲಿಲ್ಲವಲ್ಲ, ಸಾರ್?” ಎಂದ. “ಇಲ್ಲ, ಬರೆದುಕೊ” ಎಂದೆ.