ರೊಟ್ಟಿ ಒಳ್ಳೇದು, ಲೆಕ್ಕ ಬೇಕು

ಸೇಡಂ, ಚಿತ್ತಾಪುರದ ಕಡೆ ನಮ್ಮಂಥವರ ಹೊಲದಲ್ಲಿ ತೊಗರಿ ಹೆಚ್ಚಿತು, ತಾಟಿನಲ್ಲಿ ಅನ್ನ ಹೆಚ್ಚಿತು. ಸಕ್ಕರೆ ಕಾಯಿಲೆ ಬಂದಾಗ ಅನ್ನ ಬಿಟ್ಟು ಹೊತ್ತಿಗೆ ಐದು ಜೋಳದ ರೊಟ್ಟಿ ತಿಂದೆ. ಸಕ್ಕರೆ ಇಳೀಲಿಲ್ಲ.

ಯಾಕಂದ್ರೆ ಎರಡರಲ್ಲೂ ಇರುವುದು ಶರ್ಕರಪಿಷ್ಟವೇ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ, ಜೋಳದಲ್ಲಿ 68. ಅದು ಕರಗಿ ಗ್ಲೂಕೋಸಾಗಿ ರಕ್ತ ಸೇರುತ್ತದೆ. ಗ್ರಾಮಿಗೆ 4 ಕ್ಯಾಲೊರಿ. ದುಡಿಯುವ ಮೈಗೆ ಬೇಕೇ ಬೇಕು.

ಜೋಳದ ಹೆಚ್ಚುಗಾರಿಕೆ ನಾರು. ಪಾಲಿಶ್ ಅಕ್ಕಿಯಲ್ಲಿ 3 ಗ್ರಾಮೂ ಇಲ್ಲ, ಜೋಳದಲ್ಲಿ 10. ನಾರಿದ್ದರೆ ಗ್ಲೂಕೋಸ್ ನಿಧಾನ ಏರುತ್ತದೆ. ಹಿಟ್ಟು ಸಾಣಿಸಿ ತೌಡು ಚೆಲ್ಲಬೇಡಿ.

ಈಗ ನನಗೆ ಎರಡೇ ರೊಟ್ಟಿ, ಜೊತೆಗೆ ತೊಗರಿಬ್ಯಾಳಿ, ಪುಂಡಿಪಲ್ಯ. ಡಾಕ್ಟರ ಗುಳಿಗೆ ಬಿಟ್ಟಿಲ್ಲ. ಮನೆ ಖರ್ಚಿಗಾದರೂ ಹಿಂಗಾರಿ ಜೋಳ ಬಿತ್ತಿರಿ, ತಿನ್ನುವಾಗ ಎಣಿಸಿರಿ.