ಮುಚ್ಚಿದ ಕಿಟಕಿ, ಬಿಡದ ಕಡತ



ನಮ್ಮ ವಾಚನಾಲಯದ ರವಿವಾರದ ಗಣಕವರ್ಗಕ್ಕೆ ಬರುವವರು ಈಗ ಸಿ-ಶಾರ್ಪ್ ಭಾಷೆಯಲ್ಲಿ ಸಣ್ಣಪುಟ್ಟ ಪ್ರೋಗ್ರಾಮುಗಳನ್ನು ತಾವೇ ಬರೆಯತೊಡಗಿದ್ದಾರೆ. ಪರದೆಯ ಮೇಲೆ ಕಿಟಕಿಯನ್ನು, ಅಂದರೆ ವಿಂಡೋವನ್ನು, ತೆರೆಯುವುದು ಎಲ್ಲರಿಗೂ ಬಂದಿದೆ. ಮುಚ್ಚುವುದು ಮಾತ್ರ ಹೆಚ್ಚಿನವರಿಗೆ ಬಂದಿಲ್ಲ. ಇದನ್ನು ಹೇಳಲು ನಮಗೂ ತುಸು ಸಂಕೋಚವೇ. ಯಾಕಂದರೆ ನಾವು ಇದನ್ನು ಕಲಿತದ್ದು ಪುಸ್ತಕದಿಂದಲ್ಲ, ಪಗಾರದ ದಿನ ಆದ ಫಜೀತಿಯಿಂದ.

ನಾವು ಕಾರಕೂನರಾಗಿರುವ ಗಿರಣಿಯಲ್ಲಿ ಪಗಾರದ ಚೀಟಿ ತೆಗೆಯಲು ಒಂದು ಪ್ರೋಗ್ರಾಮನ್ನು ನಾವೇ ಬರೆದುಕೊಟ್ಟಿದ್ದೆವು. ಒಬ್ಬೊಬ್ಬ ಕಾಮಗಾರನಿಗೆ ಒಂದೊಂದು ಕಿಟಕಿ. ಅದರಲ್ಲಿ ಹೆಸರು, ಹಾಜರಿ, ಓವರ್‌ಟೈಮ್, ಕಡಿತ ಮುಂತಾದ ಸುಮಾರು ನಲವತ್ತು ಚೌಕಗಳು. ಚೀಟಿ ಅಚ್ಚಾದೊಡನೆ ಆ ಕಿಟಕಿಗೆ ‘ಹೈಡ್’ ಎಂಬ ಆಜ್ಞೆ ಕೊಡುವುದು, ಮುಂದಿನವನಿಗೆ ಹೊಸ ಕಿಟಕಿ ತೆರೆಯುವುದು, ಇದೇ ಕ್ರಮ. ಹತ್ತು ಚೀಟಿ ತೆಗೆದು ಪರೀಕ್ಷಿಸಿದ್ದೆವು, ಎಲ್ಲ ಸರಿಯಾಗಿತ್ತು. ಪಗಾರದ ದಿನ ಇನ್ನೂರು ಚೀಟಿಗಳು ಸುಸೂತ್ರವಾಗಿ ಬಂದವು. ಇನ್ನೂರ ನಲವತ್ತು ದಾಟಿದೊಡನೆ ಯಂತ್ರವು ‘ಎರರ್ ಕ್ರಿಯೇಟಿಂಗ್ ವಿಂಡೋ ಹ್ಯಾಂಡಲ್’ ಎಂದು ಹೇಳಿ ನಿಂತುಬಿಟ್ಟಿತು. ಹೊರಗೆ ಅರವತ್ತು ಜನ ಸಾಲಿನಲ್ಲಿದ್ದರು. ಅಂದೇ ಊರಿಗೆ ಹಣ ಕಳಿಸಬೇಕಾದವರು ಅವರಲ್ಲಿ ಅನೇಕರು. ಕೊನೆಗೆ ಅವರ ಚೀಟಿಗಳನ್ನು ಕೈಯಿಂದಲೇ ಬರೆದು ಮುಗಿಸುವ ಹೊತ್ತಿಗೆ ರಾತ್ರಿ ಒಂಬತ್ತಾಗಿತ್ತು.

ತಪ್ಪು ಎಲ್ಲಿತ್ತು? ‘ಹೈಡ್’ ಎಂದರೆ ಮರೆಮಾಡು, ಅಷ್ಟೇ. ಚಾಳಿನ ಖೋಲಿಯ ಬಾಗಿಲನ್ನು ಎಳೆದುಕೊಂಡು ಹೋದವನು ಖೋಲಿ ಬಿಟ್ಟವನಾಗುವುದಿಲ್ಲ. ಬೀಗದ ಕೈ ಮಾಲಿಕನಿಗೆ ಸಂದ ಮೇಲೆಯೇ ಇನ್ನೊಬ್ಬನಿಗೆ ಅದು ಸಿಗುವುದು. ವಿಂಡೋಸ್ ವ್ಯವಸ್ಥೆಯೂ ಪ್ರತಿಯೊಂದು ಕಿಟಕಿಗೆ ಒಂದು ‘ಹ್ಯಾಂಡಲ್’ ಕೊಡುತ್ತದೆ. ಕಿಟಕಿಗೆ ಮಾತ್ರವಲ್ಲ, ಅದರೊಳಗಿನ ಗುಂಡಿ, ಬರೆಯುವ ಚೌಕ, ಹೆಸರಿನ ಪಟ್ಟಿ ಒಂದೊಂದಕ್ಕೂ ಬೇರೆ ಬೇರೆ. ಒಂದು ಪ್ರೋಗ್ರಾಮಿಗೆ ಇಂಥವು ಸಾಮಾನ್ಯವಾಗಿ 10,000ಕ್ಕಿಂತ ಹೆಚ್ಚು ಸಿಗುವುದಿಲ್ಲ. ನಮ್ಮ ಒಂದು ಚೀಟಿಗೆ 41 ಖರ್ಚು. ಭಾಗಾಕಾರ ಮಾಡಿ ನೋಡಿರಿ, ಯಂತ್ರ ಎಲ್ಲಿ ನಿಂತಿತೆಂಬುದು ನಿಮಗೇ ತಿಳಿಯುತ್ತದೆ.

‘ಗಾರ್ಬೇಜ್ ಕಲೆಕ್ಟರ್ ಇದ್ದಾನಲ್ಲ, ಅವನು ಗುಡಿಸುತ್ತಾನೆ’ ಎಂದು ವರ್ಗದಲ್ಲಿ ಒಬ್ಬರು ಕೇಳಿದರು. ನಿಜ, ಆದರೆ ಅವನು ಗುಡಿಸುವುದು ಯಾರಿಗೂ ಬೇಡವಾದ ಸ್ಮೃತಿಯನ್ನು. ಮರೆಯಾಗಿರುವ ಕಿಟಕಿ ಅವನ ಕಣ್ಣಿಗೆ ಬೇಡವಾದದ್ದಲ್ಲ, ಅದು ಇನ್ನೂ ಬದುಕಿದೆ. ಮೇಲಾಗಿ ಹ್ಯಾಂಡಲುಗಳು ತೀರುತ್ತ ಬಂದಿವೆ ಎಂಬ ಲೆಕ್ಕವನ್ನು ಅವನು ಇಡುವುದಿಲ್ಲ.

‘ಹೈಡ್’ ತೆಗೆದು ‘ಕ್ಲೋಸ್’ ಬರೆದೆವು, ರೋಗ ವಾಸಿಯಾಯಿತು. ‘ಶೋ’ ಎಂದು ತೆರೆದ ಕಿಟಕಿಗೆ ‘ಕ್ಲೋಸ್’ ಎಂದರೆ ಅದರೊಳಗಿನ ಸಾಮಾನೆಲ್ಲ ಹಿಂದಕ್ಕೆ ಸಲ್ಲುತ್ತದೆ. (ನಿಜವಾಗಿ ಮುನ್ನೂರು ಕಿಟಕಿಗಳೇ ಬೇಕಿರಲಿಲ್ಲ. ಒಂದೇ ಕಿಟಕಿಯಲ್ಲಿ ಅಂಕಿಗಳನ್ನು ಬದಲಿಸಿದ್ದರೆ ಸಾಕಿತ್ತು. ಆ ಬುದ್ಧಿ ಆಮೇಲೆ ಬಂತು.) ಆದರೆ ‘ಶೋಡೈಲಾಗ್’ ಎಂದು ತೆರೆದದ್ದಕ್ಕೆ ನಿಯಮ ಬೇರೆ. ಬಳಕೆದಾರನು ತುಂಬಿದ ಉತ್ತರವನ್ನು ನೀವು ಆಮೇಲೆ ಓದಿಕೊಳ್ಳಬೇಕಾದೀತೆಂದು, ಮುಚ್ಚಿದ ಮೇಲೂ ಅದನ್ನು ಉಳಿಸಿಡುತ್ತಾರೆ. ಓದಿಕೊಂಡಾದ ಮೇಲೆ ‘ಡಿಸ್ಪೋಸ್’ ಎಂದು ನೀವೇ ಹೇಳತಕ್ಕದ್ದು. ಜಾವಾ ಕಲಿಯುವವರೂ ಗಮನಿಸಿರಿ: ಅಲ್ಲಿಯ ಜೆಫ್ರೇಮ್ ಕಿಟಕಿಯ ಗುಣಿಸು ಗುರುತನ್ನು ಒತ್ತಿದರೆ, ಬೇರೆ ಹೇಳದ ಹೊರತು, ಅದು ಮರೆಯಾಗುತ್ತದೆಯೇ ಹೊರತು ಬಿಡುಗಡೆಯಾಗುವುದಿಲ್ಲ.

ಇದೇ ಜಾತಿಯ ಇನ್ನೊಂದು ತಪ್ಪನ್ನು ಗುಪ್ತಪದ ಕೇಳುವ ಮೊದಲ ಕಿಟಕಿಯಲ್ಲಿ ಮಾಡಿದ್ದೆವು. ಅದನ್ನೇ ಮುಖ್ಯ ಕಿಟಕಿಯಾಗಿಟ್ಟು, ಪದ ಸರಿ ಬಂದ ಮೇಲೆ ಮರೆಮಾಡಿ, ಹಾಜರಿಯ ಕಿಟಕಿ ತೆರೆಯುತ್ತಿದ್ದೆವು. ಹಗಲು ಪಾಳಿಯ ಗುಮಾಸ್ತ ಹಾಜರಿಯ ಕಿಟಕಿ ಮುಚ್ಚಿ ಮನೆಗೆ ಹೋದ. ಮುಖ್ಯ ಕಿಟಕಿ ಮರೆಯಲ್ಲೇ ಉಳಿದದ್ದರಿಂದ ಪ್ರೋಗ್ರಾಮು ಸಾಯಲಿಲ್ಲ, ಹಾಜರಿಯ ಕಡತವನ್ನೂ ಬಿಡಲಿಲ್ಲ. ರಾತ್ರಿ ಪಾಳಿಯವನು ತೆರೆಯಹೋದರೆ, ಕಡತವು ಬೇರೆಯವರ ಬಳಕೆಯಲ್ಲಿದೆ ಎಂಬ ಉತ್ತರ. ಪರದೆಯ ಮೇಲೆ ನೋಡಿದರೆ ಯಾರೂ ಇಲ್ಲ! ಈಗ ಗುಪ್ತಪದವನ್ನು ಮೊದಲು ಡೈಲಾಗಾಗಿ ಕೇಳಿ, ಅದನ್ನು ಡಿಸ್ಪೋಸ್ ಮಾಡಿ, ಆಮೇಲೆ ಹಾಜರಿಯ ಕಿಟಕಿಯನ್ನೇ ‘ಅಪ್ಲಿಕೇಶನ್ ರನ್’ಗೆ ಕೊಡುತ್ತೇವೆ. ಅದು ಮುಚ್ಚಿದರೆ ಎಲ್ಲವೂ ಮುಗಿಯಿತು.

ಕಡತದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ‘ಸ್ಟ್ರೀಮ್‌ರೈಟರ್’ ನೀವು ಬರೆದದ್ದನ್ನು ಆ ಕ್ಷಣವೇ ಕಡತಕ್ಕೆ ಇಳಿಸುವುದಿಲ್ಲ. ಸ್ವಲ್ಪ ಕೂಡಿಟ್ಟು ಇಳಿಸುತ್ತದೆ. ಮುಚ್ಚದೆ ಬಿಟ್ಟರೆ ಕೊನೆಯ ಸಾಲುಗಳು ಹೋದವೆಂದೇ ತಿಳಿಯಿರಿ. ಗುಡಿಸುವವನು ಅವನ್ನು ಇಳಿಸಿಕೊಡುವುದಿಲ್ಲ. ಹಾಜರಿಯ ಪಟ್ಟಿಯಲ್ಲಿ ಕೊನೆಯ ಸಾಲೆಂದರೆ ಒಬ್ಬ ಮನುಷ್ಯನ ಒಂದು ದಿನದ ಕೂಲಿ. ಆದ್ದರಿಂದ ಕಡತ ತೆರೆಯುವಲ್ಲೆಲ್ಲ ‘ಯೂಸಿಂಗ್’ ಎಂಬ ಆವರಣ ಹಾಕಿರಿ. ನಡುವೆ ದೋಷ ಬಂದು ಪ್ರೋಗ್ರಾಮು ಆವರಣದಿಂದ ಹೊರಬಿದ್ದರೂ, ಹೊರಬೀಳುವಾಗ ಕಡತವನ್ನು ಮುಚ್ಚಿಯೇ ಬೀಳುತ್ತದೆ.

ಕೈಯಾರೆ ಹುಟ್ಟಿಸಿದ ಟೈಮರನ್ನು ಕಿಟಕಿ ಮುಚ್ಚುವಾಗ ನಿಲ್ಲಿಸಿ ಡಿಸ್ಪೋಸ್ ಮಾಡಿರಿ. ನಡೆಯುತ್ತಿರುವ ಟೈಮರು ಮುಚ್ಚಿದ ಕಿಟಕಿಯ ಸೆರಗನ್ನು ಹಿಡಿದುಕೊಂಡೇ ಇರುತ್ತದೆ. ಕೊನೆಯವರೆಗೂ ಬದುಕಿರುವ ವಸ್ತುವಿನ ‘ಇವೆಂಟ್’ಗೆ ಕಿಟಕಿಯನ್ನು ಜೋಡಿಸಿದ್ದರೆ ಅದನ್ನೂ ಬಿಡಿಸಬೇಕು.

ತಪ್ಪು ಇದೆಯೋ ಇಲ್ಲವೋ ನೋಡಲು ಒಂದು ಸುಲಭ ಉಪಾಯವಿದೆ. ಟಾಸ್ಕ್ ಮ್ಯಾನೇಜರಿನ ‘ಡೀಟೇಲ್ಸ್’ ಪುಟದಲ್ಲಿ ‘ಯೂಸರ್ ಆಬ್ಜೆಕ್ಟ್ಸ್’ ಎಂಬ ಕಾಲಂ ತೆರೆಯಿರಿ. ನಿಮ್ಮ ಕಿಟಕಿಯನ್ನು ಇಪ್ಪತ್ತು ಸಲ ತೆರೆದು ಮುಚ್ಚಿರಿ. ಅಂಕಿ ಏರಿ ಇಳಿದರೆ ಸರಿ. ಏರುತ್ತಲೇ ಹೋದರೆ ಎಲ್ಲೋ ಬೀಗದ ಕೈ ನಿಮ್ಮ ಜೇಬಿನಲ್ಲೇ ಉಳಿದಿದೆ. ಬರುವ ರವಿವಾರ ಪ್ರತಿಯೊಬ್ಬರೂ ತಮ್ಮ ಪ್ರೋಗ್ರಾಮಿನ ಅಂಕಿಯನ್ನು, ಮೊದಲಿನದು ಮತ್ತು ಇಪ್ಪತ್ತರ ನಂತರದ್ದು, ಒಂದು ಚೀಟಿಯಲ್ಲಿ ಬರೆದು ತರಬೇಕು.